ಲಾನಿನ ಮೇಲೆ ಕುರಿ ನಿಲ್ಲಿಸಿದ್ದು

ಶನಿವಾರ ಬೆಳಿಗ್ಗೆ ಆರೂಕಾಲಿಗೆ ನೀಲಾಂಬಿಕಾ ಗೇಟು ತೆಗೆದಾಗ ಲಾನಿನ ಮೇಲೆ ಇನ್ನೂರಕ್ಕೆ ಕಡಿಮೆಯಿಲ್ಲದಷ್ಟು ಕುರಿಗಳಿದ್ದವು.

ಸುತ್ತಲೂ ಗೂಟ ನೆಟ್ಟು ಬಲೆ ಕಟ್ಟಿತ್ತು. ಬಲೆಯೊಳಗೆ ಕೆಲವು ಮಲಗಿದ್ದವು, ಕೆಲವು ಕತ್ತು ಬಗ್ಗಿಸಿ ಹುಲ್ಲನ್ನು ಬುಡಸಮೇತ ಎಳೆಯುತ್ತಿದ್ದವು. ಮೊದಲು ಮೂಗಿಗೆ ಬಡಿದದ್ದು ವಾಸನೆ. ರಾತ್ರಿಯ ಉಚ್ಚೆ, ಹಿಕ್ಕೆ, ತೊಯ್ದ ಉಣ್ಣೆ ಎಲ್ಲ ಸೇರಿ ಇಬ್ಬನಿಯ ಗಾಳಿಯಲ್ಲಿ ಎದ್ದು ಬಂದ ಗಬ್ಬು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಚಪ್ಪಲಿಯ ಕೆಳಗೆ ಏನೋ ಪಿಚಕ್ಕೆಂದಿತು. ನೋಡುವ ಅಗತ್ಯವಿರಲಿಲ್ಲ.

ಬಲೆಯ ಮೂಲೆಯಲ್ಲಿ ಕುರಿಗಾರ ಮಾಳಪ್ಪ ಕಂಬಳಿ ಹೊದ್ದು ಕುಳಿತಿದ್ದ. ಅವಳನ್ನು ನೋಡಿ ಬೀಡಿ ಆರಿಸಿ ಎದ್ದು ನಿಂತ.

"ಬರ್ರಿ ಅಕ್ಕಾರ. ಏನ್ ಹುಲ್ಲ್ರಿ ಇದು! ನನ್ನ ಕುರಿ ಹುಟ್ಟಿದಾಗಿಂದ ಇಂಥಾ ಗಾದಿ ಮ್ಯಾಲ ಮಲಗಿರಲಿಲ್ಲ ನೋಡ್ರಿ. ಎಬ್ಬಸಾಕ ಹ್ವಾದ್ರ ಏಳವಲ್ವು."

"ಯಾರು ಹೇಳಿದ್ರು ಇಲ್ಲಿ ನಿಲ್ಲಸಾಕ?"

"ದೊಡ್ಡ ಸಾವ್ಕಾರ್ರು. ತಾವ ಬಂದು ಗೇಟು ತಗದು ಕೊಟ್ರು. ಯಾಕ್ರಿ, ನಿಮಗ ಹೇಳಿಲ್ಲೇನ್ರಿ?"

ಹೇಳಿರಲಿಲ್ಲ. ದೊಡ್ಡ ಸಾವ್ಕಾರ ಎಂದರೆ ಅವಳ ಗಂಡನ ಅಣ್ಣ ಮಹಾಲಿಂಗಪ್ಪ. ಗೇಟಿನ ಎರಡನೆಯ ಕೀಲಿ ಗಿರಣಿಯ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಅಕ್ಕಿಆಲೂರಿನಿಂದ ಹಾನಗಲ್ಲಿಗೆ ಹೋಗುವ ರಸ್ತೆಯಲ್ಲಿ ಈ ಮನೆತನದ ಅಕ್ಕಿ ಗಿರಣಿ ಇದೆ. ಪಕ್ಕದ ಅರ್ಧ ಎಕರೆ ಒಂದು ಕಾಲಕ್ಕೆ ಭತ್ತ ಒಣಗಿಸುವ ಕಣವಾಗಿತ್ತು. ಒಣಗಿಸುವ ಮಷಿನ್ ಬಂದ ಮೇಲೆ ಕಣ ಖಾಲಿ ಬಿತ್ತು. ಅಲ್ಲಿ ಪೇವರ್ ಕಲ್ಲು ಹಾಸಿ ಮದುವೆ ಮುಂಜಿಗೆ ಬಾಡಿಗೆ ಕೊಡೋಣವೆಂದು ಮಹಾಲಿಂಗಪ್ಪ ಹೇಳಿದ. ಕಲ್ಲು ಬೇಡ, ಹುಲ್ಲು ಬೆಳೆಸೋಣವೆಂದು ನೀಲಾಂಬಿಕಾ ಹೇಳಿದಳು. ಯಲವಿಗಿಯಿಂದ ಸೊಸೆಯಾಗಿ ಬಂದು ಇಪ್ಪತ್ತು ವರ್ಷದ ಮೇಲಾಗಿದ್ದ ಅವಳು, ಆ ಮನೆಯಲ್ಲಿ ಒಂದು ವಿಷಯಕ್ಕೆ ಬೇಡ ಎಂದದ್ದು ಅದೇ ಮೊದಲು. ಗಂಡ ಲೋಹಿತ ತಾಟಿನಿಂದ ತಲೆ ಎತ್ತಿರಲಿಲ್ಲ. ಮಹಾಲಿಂಗಪ್ಪ ಮಾತ್ರ ನಕ್ಕಿದ್ದ.

"ಆತು ತಂಗಿ. ಒಂದ ಕಾರ್ಯಕ್ರಮ ಮಾಡಿ ನೋಡೂಣು. ಬಂದ ಮಂದಿ ಹುಲ್ಲು ಚೊಲೋ ಐತಿ ಅಂದ್ರ ಜಾಗಾ ನಿಂದು, ಕಾರಭಾರ ನಿಂದು. ನಾ ಒಳಗ ಕಾಲ ಇಡಂಗಿಲ್ಲ. ಕೆಟ್ಟ ಐತಿ ಅಂದ್ರ ಮರುದಿನ ಪೇವರ್. ಅವ್ವ ಸಾಕ್ಷಿ."

ಅವ್ವ ಸರೋಜವ್ವ ಹೂಂ ಅಂದಿದ್ದಳು.

ಹುಲ್ಲು ಆರಿಸುವುದಕ್ಕೆ ನೀಲಾಂಬಿಕಾ ಒಂದು ಇಡೀ ವರ್ಷ ತೆಗೆದುಕೊಂಡಳು. ಶಿಗ್ಗಾವಿ ಹತ್ತಿರದ ಒಂದು ನರ್ಸರಿಯಿಂದ ಮೂರು ಜಾತಿ ತಂದು ಗೋದಾಮಿನ ಮುಂದೆ ಮೂರು ಮಡಿ ಮಾಡಿದಳು. ಮೆಕ್ಸಿಕನ್ ಹುಲ್ಲು ನೋಡಲು ಚೆಂದ, ಮೆತ್ತಗೆ. ಆದರೆ ಹಮಾಲರು ಓಡಾಡಿದ ಕಡೆ ಮಲಗಿದ್ದು ಮತ್ತೆ ಏಳಲಿಲ್ಲ. ಕೊರಿಯನ್ ಹುಲ್ಲು ಅಲ್ಲಲ್ಲಿ ಗುಡ್ಡೆಗುಡ್ಡೆಯಾಗಿ ಉಬ್ಬಿತು, ಹಬ್ಬುವುದಕ್ಕೂ ತಡ. ಮೂರನೆಯದು ಸಿಲೆಕ್ಷನ್ ಒನ್. ಅದು ಹೊಲದ ಕಳೆಯಾದ ಕರಿಕೆಯ, ಅಂದರೆ ಗರಿಕೆಯ, ಜಾತಿಯದೇ, ಆದರೆ ಎಲೆ ಸಣ್ಣದು, ಗೆಣ್ಣು ಒತ್ತೊತ್ತು. ನೆರಳು ಬಿದ್ದರೆ ಸೊರಗುತ್ತದೆ, ಮಳೆಗಾಲದಲ್ಲಿ ವಾರ ಬಿಡದೆ ಕತ್ತರಿಸಬೇಕು. ಆದರೆ ತುಳಿದಷ್ಟೂ ಏಳುತ್ತದೆ. ಕಣದಲ್ಲಿ ಮರವಿರಲಿಲ್ಲ, ದಿನವಿಡೀ ಬಿಸಿಲು. ಅವಳು ಮೂರನೆಯದನ್ನೇ ಆರಿಸಿದಳು.

ಸರೋಜವ್ವ ಬೇರಿನ ತುಂಡುಗಳನ್ನು ಕೈಗೆತ್ತಿಕೊಂಡು ಮುಖ ಕಿವುಚಿದ್ದಳು.

"ಕರಿಕೀನ ಹೌದಲ್ಲೇನ ಇದು? ಹೊಲದಾಗ ಇದನ್ನ ಕಿತ್ತು ಕಿತ್ತು ನನ್ನ ಉಗುರು ಹ್ವಾದ್ವು. ನೀ ರೊಕ್ಕಾ ಕೊಟ್ಟು ತಂದು ಸಾಲು ಹಿಡದು ಹಚ್ಚತಿ. ಹೇಸಿಗಿ ಅನಸೂದಿಲ್ಲ?"

"ನೀವು ಕಿತ್ತ್ರೂ ಸಾಯಲಿಲ್ಲ ಅಲ್ಲ ಅತ್ತಿ, ಅದಕ್ಕ ತಂದೇನಿ."

ಮುಂಗಾರಿಗೆ ನೆಲ ಹದ ಮಾಡಿ, ಜೇಕು ಎಂಬ ಕಳೆಯ ಗಡ್ಡೆಗಳನ್ನು ಆರಿಸಿ ತೆಗೆದು, ಮರಳು ಬೆರೆಸಿ, ಗೇಣಿಗೊಂದರಂತೆ ಬೇರು ಊರಿದಳು. ದಸರೆಯ ಹೊತ್ತಿಗೆ ಅರ್ಧ ಎಕರೆಯೂ ಮುಚ್ಚಿತ್ತು. ಕತ್ತರಿಸುವಾಗ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯುತ್ತಿರಲಿಲ್ಲ. ನೀರನ್ನು ದಿನಾ ಚಿಮುಕಿಸದೆ, ಬಿಟ್ಟು ಬಿಟ್ಟು ಆಳಕ್ಕೆ ಇಳಿಯುವಂತೆ ಹಾಯಿಸುತ್ತಿದ್ದಳು.

ತೊಂದರೆ ಶುರುವಾದದ್ದು ಚಳಿಗೆ. ಇದು ಬಿಸಿಲಿಗೆ ಬೆಳೆಯುವ ಹುಲ್ಲು. ಚಳಿಯಲ್ಲಿ ಬೆಳವಣಿಗೆ ನಿಲ್ಲಿಸಿ ಮಂಕಾಗುತ್ತದೆ, ಶಿವರಾತ್ರಿ ಕಳೆದು ನೆಲ ಕಾದರೆ ತಾನೇ ಹಸಿರಾಗುತ್ತದೆ. ಆ ನಡುವೆ ಗೊಬ್ಬರ ಹಾಕಿದರೆ ದಂಡ. ಈ ಮಾತನ್ನು ಅವಳು ಊಟದ ಹೊತ್ತಿನಲ್ಲಿ ಮನೆಮಂದಿಗೆಲ್ಲ ಬಿಡಿಸಿ ಹೇಳಿದ್ದಳು. ಮಹಾಲಿಂಗಪ್ಪ ಕೇಳಿದ್ದು ಒಂದೇ ಮಾತು: ಹುಲ್ಲು ಮಂಕಾಗಿದೆ. ಭತ್ತ ಮಂಕಾದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಸುಗ್ಗಿ ಮುಗಿದ ಮೇಲೆ ಗದ್ದೆಯಲ್ಲಿ ರಾತ್ರಿ ಕುರಿ ಹಿಂಡು ನಿಲ್ಲಿಸುವುದು ಈ ಸೀಮೆಯ ರೂಢಿ. ಹಿಕ್ಕೆ, ಉಚ್ಚೆ ಎರಡೂ ನೆಲಕ್ಕೆ ಇಳಿಯುತ್ತವೆ, ಮುಂದಿನ ಬೆಳೆ ಎದ್ದು ನಿಲ್ಲುತ್ತದೆ. ಮೊದಲ ಕಾರ್ಯಕ್ರಮ ಭಾನುವಾರ. ಶುಕ್ರವಾರ ಸಂಜೆ ಮಾಳಪ್ಪನ ಹಿಂಡು ಆ ರಸ್ತೆಯಲ್ಲೇ ಹೋಗುತ್ತಿತ್ತು. ಮಹಾಲಿಂಗಪ್ಪ ಮೊಳೆಯಿಂದ ಕೀಲಿ ತೆಗೆದ.

ಏಳರ ಹೊತ್ತಿಗೆ ಅವನೇ ಬಂದ. ವಿಭೂತಿ ಹಚ್ಚಿದ ಮುಖದ ತುಂಬ ನಗು.

"ನೋಡಿದೇನ ತಂಗಿ? ನಿನಗ ಹೇಳದ ಮಾಡೇನಿ. ಹೇಳಿದ್ರ ಬ್ಯಾಡ ಅಂತಿದ್ದಿ. ಒಂದ ರಾತ್ರಿಗೆ ಒಂದ ಗಾಡಿ ಗೊಬ್ಬರ!"

"ಭಾವಾರ, ನಾಳೆ ಕುಬಸ ಐತಿ."

"ಅದಕ್ಕ ಮಾಡಿಸೇನಿ. ನಾಳೆ ಮಂದಿ ಬರೂದ್ರಾಗ ಹಸರ ಆಗಬೇಕಲ್ಲ."

"ನಾಳೆಗೆ ಹಸರ ಆಗೂದಿಲ್ರಿ. ನಾಳೆಗೆ ನಾರತೈತಿ."

ಅವನ ನಗು ಕಡಿಮೆಯಾಗಲಿಲ್ಲ. ಹೊಟ್ಟೆಕಿಚ್ಚಿನಿಂದಲೋ ಹಗೆತನದಿಂದಲೋ ಮಾಡಿದ್ದರೆ ಮುಖಕ್ಕೆ ಹೊಡೆದಂತೆ ಎರಡು ಮಾತಾದರೂ ಆಡಬಹುದಿತ್ತು. ಅವನು ನಿಜವಾಗಿಯೂ ಅವಳು ಗೆಲ್ಲಲಿ ಎಂದೇ ಮಾಡಿದ್ದ. ಆ ಒಳ್ಳೆಯತನವೇ ಅವಳಿಗೆ ಕುರಿಯ ಹಿಕ್ಕೆಗಿಂತ ಹೇಸಿಗೆ ಅನ್ನಿಸಿತು. ಮಾಳಪ್ಪ ಬಲೆ ಸುತ್ತಿಕೊಂಡು ಹಿಂಡು ಹೊರಡಿಸಿದ. ಕುರಿಗಳು ಹೋದ ಜಾಗ ಬಯಲಾಯಿತು. ಮೇಯ್ದು ಉಳಿದದ್ದು ಗೊರಸಿಗೆ ಸಿಕ್ಕಿ ಅರೆದು ಹೋಗಿತ್ತು. ಅಲ್ಲಲ್ಲಿ ಮಡುಗಟ್ಟಿದ್ದ ಉಚ್ಚೆಯ ಮೇಲೆ ನೊಣ ಕೂತಿದ್ದವು.

ಅವಳು ಪೊರಕೆ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಹಾಲಿಂಗಪ್ಪ ಹಮಾಲರನ್ನು ಕರೆದು ಪೈಪು ಬಿಡಿಸಿದ್ದ. "ಗೊಬ್ಬರ ಭೂಮಿಗೆ ಇಳೀಲಿ" ಎಂದು ಕೈ ತೋರಿಸುತ್ತ ನಿಂತಿದ್ದ. ಒಣಗಿದ್ದರೆ ಗುಡಿಸಿ ತೆಗೆಯಬಹುದಾಗಿದ್ದ ಹಿಕ್ಕೆ ಕದಡಿ ಕರ್ರಗಿನ ಅಂಬಲಿಯಾಗಿ ಅರ್ಧ ಎಕರೆಗೂ ಹರಡಿತು.

ನೀಲಾಂಬಿಕಾ ಪೊರಕೆ ಕೆಳಗಿಟ್ಟಳು.

ಕುಬಸ, ಅಂದರೆ ಸೀಮಂತ, ಹತ್ತಿಮತ್ತೂರಿನ ಶೇಖವ್ವನ ಮಗಳು ರಾಜಶ್ರೀಯದು. ಬಸುರಿಯನ್ನು ತೋಟಕ್ಕೆ ಕರೆದೊಯ್ದು ಹಸಿರಿನ ಮೇಲೆ ಕೂರಿಸಿ ಬುತ್ತಿ ಉಣಿಸುವುದು ಅವರ ಮನೆಯ ಪದ್ಧತಿ. ಅವರಿಗೆ ತೋಟವಿರಲಿಲ್ಲ. ಅಕ್ಕಿಆಲೂರಿನಲ್ಲಿ ಹುಲ್ಲಿನ ಜಾಗ ಆಗಿದೆ ಎಂದು ಕೇಳಿ ಶೇಖವ್ವನೇ ಬಸ್ಸು ಹತ್ತಿ ಬಂದು ನೋಡಿ ಒಪ್ಪಿ ಹೋಗಿದ್ದಳು. ಚಳಿಗೆ ತುಸು ಮಂಕಾಗಿದೆ ಎಂದರೂ, "ಇರ್ಲಿ ಬಿಡ್ರಿ, ನಿಜವಾದ ಹುಲ್ಲ ಐತಲ್ಲ, ಹುಡುಗಿ ಕಾಲಿಗೆ ತಂಪು" ಅಂದಿದ್ದಳು.

ಶೇಖವ್ವನಿಗೆ ಈಗ ಫೋನ್ ಮಾಡಿ ಹೇಳಬೇಕಿತ್ತು. ನೀಲಾಂಬಿಕಾ ಫೋನ್ ಕೈಗೆ ತೆಗೆದುಕೊಂಡದ್ದು ನಿಜ. ಹೇಳಿದರೆ ಕಾರ್ಯಕ್ರಮ ಬೇರೆ ಕಡೆ ಹೋಗುತ್ತದೆ, ಪೇವರ್ ಬರುತ್ತದೆ. ಅವಳು ಫೋನ್ ಮತ್ತೆ ಟೇಬಲ್ ಮೇಲಿಟ್ಟಳು. ಪೆಂಡಾಲಿನ ಶಾಹಬಾಜ ಸವಣೂರಿನಿಂದ ಸಾಮಾನು ತಂದು ಇಳಿಸಿದವನು, ನೆಲ ನೋಡಿ, ಮೂಗು ಮುಚ್ಚಿ, "ಚಿಂತಿ ಬ್ಯಾಡ್ರಿ ಮೇಡಂ, ನನ್ನ ಕಡೆ ಹಸರ ಮ್ಯಾಟ್ ಅದಾವು" ಎಂದಾಗ ಅವಳು ಬೇಡ ಅನ್ನಲಿಲ್ಲ.

ಮ್ಯಾಟ್ ಅಂದರೆ ಪ್ಲಾಸ್ಟಿಕ್ ಹುಲ್ಲಿನ ಹಾಸು. ಭಾನುವಾರ ಬೆಳಿಗ್ಗೆ ಸುರುಳಿ ಬಿಚ್ಚಿದರೆ ಹಿಂದಿನ ಯಾವುದೋ ಊಟದ ಅನ್ನದ ಅಗುಳು ಒಣಗಿ ಅಂಟಿಕೊಂಡಿದ್ದವು. ಒಂದು ಕಡೆ ಎಲೆಅಡಿಕೆ ಉಗುಳಿದ ಕಲೆ. ಇನ್ನೊಂದು ಸುರುಳಿಯಲ್ಲಿ ಜಿಲೇಬಿಯ ತುಂಡಿಗೆ ಇರುವೆ ಮುತ್ತಿದ್ದವು. ಶಾಹಬಾಜ ಎಲ್ಲ ಝಾಡಿಸಿ, ಒದ್ದೆ ಅರಿವೆಯಲ್ಲಿ ಒರೆಸಿ, ಹಸಿ ಹಿಕ್ಕೆಯ ಮೇಲೆ ಅಂಚಿಗೆ ಅಂಚು ಕೂಡಿಸಿ ಹಾಸಿದ. ಕಾಲಿಟ್ಟರೆ ಕೆಳಗೆ ಬುಳುಬುಳು ಅನ್ನುತ್ತಿತ್ತು. ಕೊನೆಗೆ ಅವನು ಗುಲಾಬಿ ವಾಸನೆಯ ಎರಡು ಡಬ್ಬಿ ಸ್ಪ್ರೇ ಪೂರ್ತಿ ಹೊಡೆದ. ಮೊದಲಿನ ನಾತವನ್ನಾದರೂ ಮೂಗು ಒಂದು ರಾತ್ರಿಯಲ್ಲಿ ರೂಢಿ ಮಾಡಿಕೊಂಡಿತ್ತು. ಗುಲಾಬಿ ಬೆರೆತ ಮೇಲೆ ಅದು ಹೊಸ ನಾತವಾಯಿತು.

"ಹೆಂಗ್ರಿ?" ಅಂದ ಶಾಹಬಾಜ.

"ಸತ್ತ ಮನಿಯಾಗ ಸೆಂಟು ಹೊಡದಂಗ ಆಗೇತಿ."

"ಮಂದಿ ಬಂದು ಮಲ್ಲಿಗಿ, ಅಡಿಗಿ ವಾಸನಿ ಕೂಡಿದ್ರ ಎಲ್ಲಾ ಮುಚ್ಚಿ ಹೊಕ್ಕೇತಿ ಬಿಡ್ರಿ."

ಹನ್ನೊಂದರ ಸುಮಾರಿಗೆ ಹತ್ತಿಮತ್ತೂರಿನಿಂದ ಎರಡು ಟೆಂಪೊ ಬಂದವು. ಶೇಖವ್ವ ಇಳಿದವಳೇ ಅಂಗಳ ನೋಡಿ ಬಾಯಿಮೇಲೆ ಕೈ ಇಟ್ಟಳು.

"ಅಯ್ಯ ನನ್ನವ್ವ, ಎಂಥಾ ಹಸರ! ನಾ ನೋಡಿದಾಗ ಹಿಂಗ ಇರಲಿಲ್ಲಲ್ಲ! ಗಿಣಿ ರೆಕ್ಕಿ ಹಾಸಿದಂಗ ಕಾಣತೈತಿ!"

ಜೊತೆಗಿದ್ದ ಹೆಂಗಸರೂ ಹೌದೌದು ಅಂದರು. ಒಬ್ಬಳು ಆಗಲೇ ಫೋಟೊ ತೆಗೆಯುತ್ತಿದ್ದಳು. ಮಹಾಲಿಂಗಪ್ಪ ದೂರದಿಂದಲೇ ನೀಲಾಂಬಿಕಾಳತ್ತ ನೋಡಿ ಕೈ ಮೇಲೆತ್ತಿದ. ನಂತರ ಹತ್ತಿರ ಬಂದು ದನಿ ತಗ್ಗಿಸಿ, "ಕೇಳಿದೇನು? ಚೊಲೋ ಅಂದ್ರು. ಗೆದ್ದಿ ಬಿಡು. ಜಾಗಾ ನಿಂದ. ನಾ ಮಾತಿಗಿ ತಪ್ಪಂಗಿಲ್ಲ" ಅಂದ. ಅವನ ಕಣ್ಣಲ್ಲಿ ಕಪಟವಿರಲಿಲ್ಲ. ಮಂದಿ ಹೊಗಳಿದ್ದು ಪ್ಲಾಸ್ಟಿಕ್ಕನ್ನು ಎಂಬುದು ಅವನಿಗೆ ಒಂದು ವಿಷಯವೇ ಆಗಿರಲಿಲ್ಲ.

ನೀಲಾಂಬಿಕಾ ತಲೆ ಆಡಿಸಿದಳು. ಹಾಗೆ ಆಡಿಸಿದ ತಲೆಯ ಬಗ್ಗೆಯೂ ಅವಳಿಗೆ ಹೇಸಿಗೆಯಾಯಿತು.

ರಾಜಶ್ರೀ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ನಿಧಾನವಾಗಿ ಬಂದಳು. ಚಪ್ಪಲಿ ಬಿಟ್ಟು ಒಂದು ಪಾದ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಅಕ್ಕಾರ, ಇದು ಪ್ಲಾಸ್ಟಿಕ್ ಹೌದಲ್ರಿ?"

"ಹೌದವಾ. ಮ್ಯಾಲ ಹಾಸೇವಿ."

"ಕೆಳಗ ಹುಲ್ಲ ಐತೇನ್ರಿ?"

"ಐತಿ."

ಅದು ಸುಳ್ಳಲ್ಲ. ರಾಜಶ್ರೀ ನಕ್ಕು ಮುಂದೆ ಹೋದಳು. ಅವಳನ್ನು ನಡುವೆ ಮಣೆಯ ಮೇಲೆ ಕೂರಿಸಿದರು. ಬಿಸಿಲು ಏರಿತ್ತು. ಹೆಂಗಸರು ಸುತ್ತ ಕೂತು ಬುತ್ತಿಯ ಗಂಟು ಬಿಚ್ಚಿದರು, ಸಜ್ಜಿರೊಟ್ಟಿ, ಶೇಂಗಾ ಹಿಂಡಿ, ಮೊಸರು, ಮಾದಲಿ. ಒಬ್ಬೊಬ್ಬರಾಗಿ ಎದ್ದು ಉಡಿ ತುಂಬತೊಡಗಿದರು.

"ಏನೋ ಒಂಥರಾ ವಾಸನಿ ಬರಾಕತ್ತೇತಲ್ಲ" ಎಂದು ಮುದುಕಿಯೊಬ್ಬಳು ಮೂಗೇರಿಸಿದಳು.

"ನಿನ್ನ ಸೊಂಟದ ಚೀಲದಾಗಿನ ತಂಬಾಕ ಇರಬೇಕು ನೋಡ ಆಯಿ" ಎಂದು ಇನ್ನೊಬ್ಬಳು ನಗಿಸಿದಳು.

ನೀಲಾಂಬಿಕಾ ಕುಂಕುಮದ ತಟ್ಟೆ ಹಿಡಿದು ರಾಜಶ್ರೀಯ ಪಕ್ಕ ಬಗ್ಗಿದಾಗ ಅದನ್ನು ಕಂಡಳು. ಸೀರೆಯ ಅಂಚಿನ ಕೆಳಗೆ, ಪಾದದ ಗಂಟಿನ ಹತ್ತಿರ, ಚಪ್ಪಟೆಯಾದ ಕಂದು ಉಣ್ಣಿ. ಚನ್ನಂಗಿಬೇಳೆಯಷ್ಟಿತ್ತು. ಅವಸರವಿಲ್ಲದೆ ಮೇಲಕ್ಕೆ ಹತ್ತುತ್ತಿತ್ತು. ಅವಳು ಉಗುರಿನಿಂದ ಚಿವುಟಿ ತೆಗೆದಳು. ಮಣೆಯ ಕಾಲಿನ ಮೇಲೆ ಇನ್ನೆರಡು ಇದ್ದವು. ಮ್ಯಾಟಿನ ಎರಡು ಅಂಚು ಕೂಡುವ ಸಂದಿನಿಂದ ಮತ್ತೊಂದು ಹೊರಬರುತ್ತಿತ್ತು. ಕೆಳಗಿನ ಕಾವು ತಾಳದೆ ಎಲ್ಲ ಮೇಲೆ ಬರುತ್ತಿದ್ದವು. ಎದುರು ಕೂತ ಹೆಂಗಸು ಮಾತಾಡುತ್ತಲೇ ಮೀನಖಂಡ ಕೆರೆದುಕೊಂಡಳು.

ತಲೆ ಎತ್ತಿದರೆ ಮಹಾಲಿಂಗಪ್ಪ ನೋಡುತ್ತಿದ್ದ. ಅವನಿಗೂ ಕಂಡಿತ್ತು. ಅವನು ಬೆರಳು ತುಟಿಗೆ ತಂದು, ಹಾಗೇ ಮೀಸೆ ಸವರಿಕೊಂಡಂತೆ ಮಾಡಿದ. ಇನ್ನೇನು ಆರತಿ, ಊಟ. ಆಮೇಲೆ ಟೆಂಪೊ ಹತ್ತಿ ಹೋಗುತ್ತಾರೆ. ಜಾಗ ಅವಳದು.

ರಾಜಶ್ರೀ ಬಗ್ಗಲಾರದೆ ಒಂದು ಪಾದದಿಂದ ಇನ್ನೊಂದನ್ನು ಉಜ್ಜಿಕೊಳ್ಳುತ್ತಿದ್ದಳು.

ನೀಲಾಂಬಿಕಾ ತಟ್ಟೆ ಕೆಳಗಿಟ್ಟಳು.

"ಶೇಖವ್ವಾರ, ಹುಡುಗೀನ ಎಬ್ಬಸ್ರಿ. ಎಲ್ಲಾರೂ ಏಳ್ರಿ. ಇಲ್ಲಿ ಉಣ್ಣಿ ಅದಾವು."

"ಉಣ್ಣಿ? ಹುಲ್ಲಿನ್ಯಾಗ ಉಣ್ಣಿ ಎಲ್ಲಿಂದ ಬರ್ತಾವ?"

ಬಾಯಿಂದ ಹೇಳುವುದಕ್ಕಿಂತ ತೋರಿಸುವುದು ಸುಲಭವಾಗಿತ್ತು. ಅವಳು ಮ್ಯಾಟಿನ ಅಂಚು ಹಿಡಿದು ಎತ್ತಿ ಮಡಿಚಿದಳು. ಬಿಸಿಲಿಗೆ ಬೆಂದ ಹಬೆ ಮೊದಲು ಬಂತು, ಅದರ ಹಿಂದೆ ನಾತ. ಕೆಳಗೆ ಹಳದಿಗಟ್ಟಿದ ಗೆಣ್ಣುಗಳು ಕರ್ರಗಿನ ಲೋಳೆಯಲ್ಲಿ ಮಲಗಿದ್ದವು, ಲೋಳೆಯಲ್ಲಿ ಸಣ್ಣ ಬಿಳಿ ಹುಳು ಮಿಜಿಗುಡುತ್ತಿದ್ದವು. ರಾಜಶ್ರೀ ಎದ್ದವಳೇ ಎರಡು ಹೆಜ್ಜೆ ಓಡಿ ವಾಂತಿ ಮಾಡಿಕೊಂಡಳು. ಹೆಂಗಸರು ಬುತ್ತಿಯ ಗಂಟು ಎದೆಗೆ ಅವಚಿಕೊಂಡು ಎದ್ದರು. ಯಾರದೋ ಮೊಸರಿನ ಗಡಿಗೆ ಉರುಳಿ ಹಸಿರು ಪ್ಲಾಸ್ಟಿಕ್ಕಿನ ಮೇಲೆ ಹರಿಯಿತು.

"ಮೊನ್ನೆ ರಾತ್ರಿ ಇಲ್ಲಿ ಕುರಿ ನಿಲ್ಲಿಸಿತ್ತು" ಅಂದಳು ನೀಲಾಂಬಿಕಾ. "ನನಗ ನಿನ್ನೆ ಮುಂಜಾನೆ ಗೊತ್ತಾತು. ನಿನ್ನೇನ ನಿಮಗ ಹೇಳಬೇಕಿತ್ತು. ಹೇಳಲಿಲ್ಲ."

ಶೇಖವ್ವನ ಮುಖ ಕೆಂಪೇರಿತು. "ನನ್ನ ಬಸರ ಮಗಳನ್ನ ಹೇಲಿನ ಮ್ಯಾಲ ಕುಂದರಿಸೀರಿ? ತಿಳದೂ ತಿಳದೂ?"

"ಕುರಿಗಿ ಕುಬಸ ಮಾಡಾಕ ಕರಿಸ್ಯಾರ ನೋಡ ನಮ್ಮನ್ನ" ಎಂದು ತಂಬಾಕಿನ ಮುದುಕಿ ಸೆರಗೊಳಗಿಂದಲೇ ಅಂದಳು. ಯಾರೂ ನಗಲಿಲ್ಲ.

ಉಳಿದ ಶಾಸ್ತ್ರ ಗಿರಣಿಯ ಗೋದಾಮಿನಲ್ಲಿ, ಅಕ್ಕಿ ಚೀಲಗಳ ನಡುವೆ ಮುಗಿಯಿತು. ಸರೋಜವ್ವ ರಾಜಶ್ರೀಯ ಕಾಲನ್ನು ಬಿಸಿನೀರಿನಲ್ಲಿ ತೊಳೆದು, ಸೀರೆಯ ನೆರಿಗೆ ನೆರಿಗೆ ಬಿಚ್ಚಿ ನೋಡಿ, ಸಿಕ್ಕ ಉಣ್ಣಿಗಳನ್ನು ಚಿಮಣಿಎಣ್ಣೆಗೆ ಹಾಕಿದಳು. ಟೆಂಪೊ ಹೊರಡುವಾಗ ಶೇಖವ್ವ ಹೋಗಿ ಬರುತ್ತೇವೆ ಎಂದು ಸರೋಜವ್ವನಿಗೆ ಮಾತ್ರ ಹೇಳಿದಳು.

ಸಂಜೆ ಮಹಾಲಿಂಗಪ್ಪ ಪಡಸಾಲೆಯಲ್ಲಿ ಕೂತು ಮಾತು ತೆಗೆದ. ಆಗಲೂ ಅವನಿಗೆ ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು.

"ಗೆದ್ದದ್ದನ್ನ ಕೈಯಾರೆ ಕೆಡಿಸಿದೆಲ್ಲ ತಂಗಿ. ತಾಸೊತ್ತು ಬಾಯಿ ಮುಚ್ಚಿದ್ರ ಮುಗೀತಿತ್ತು. ಇಡೀ ಹತ್ತಿಮತ್ತೂರಾಗ ಮನಿ ಮಾನ ಹೋತು. ಆಡಿದ ಮಾತು ಆಡಿದ್ದ. ಕೆಟ್ಟ ಐತಿ ಅಂದ್ರು. ಪೇವರ್ ಹಾಕಸ್ತೇನಿ."

"ಅವರು ಚೊಲೋ ಅಂದದ್ದು ಪ್ಲಾಸ್ಟಿಕ್ಕಿಗ್ರಿ" ಅಂದಳು ನೀಲಾಂಬಿಕಾ. "ಕೆಟ್ಟ ಅಂದದ್ದು ಕುರಿ ಹಿಕ್ಕಿಗಿ. ನನ್ನ ಹುಲ್ಲ ಬಂದ ಮಂದಿ ಇನ್ನೂ ನೋಡಿಲ್ಲ. ಮಾತು ಇನ್ನೂ ಮುಗದಿಲ್ಲ."

"ಏನ ಉಳದೈತಿ ಅಲ್ಲಿ ಹುಲ್ಲ? ಕೊಳತು ಹೋಗೇತಿ."

ಅವನು ಸಾಕ್ಷಿಗೆಂದು ಅವ್ವನ ಕಡೆ ನೋಡಿದ. ಸರೋಜವ್ವ ಉಗುರಿನ ಸಂದಿನ ಚಿಮಣಿಎಣ್ಣೆ ಒರೆಸಿಕೊಳ್ಳುತ್ತಿದ್ದಳು.

"ಕರಿಕಿ ಕೊಳಿಯೂದಿಲ್ಲೋ ಮಾರಾಯಾ" ಅಂದಳು, ಕೆಟ್ಟ ಸುದ್ದಿ ಹೇಳುವವಳಂತೆ. "ಬೇರೆ ಯಾವುದರ ಇದ್ರ ಸಾಯತಿತ್ತು. ಅದು ಸಾಯಂಗಿಲ್ಲ. ನಾ ನೋಡೇನಿ."

"ಅವ್ವಾ, ನೀ ಯಾರ ಕಡೆ?"

"ಯಾರ ಕಡೀನೂ ಇಲ್ಲ. ನನಗ ಆ ಹುಲ್ಲ ಕಂಡ್ರ ಆಗಂಗಿಲ್ಲ. ಆದ್ರ ಖರೇ ಮಾತು ಖರೇನ."

ಮರುದಿನ ಶಾಹಬಾಜ ಮ್ಯಾಟ್ ಸುತ್ತಿಕೊಂಡು ಹೋದ. ಸುತ್ತುವಾಗ ಎರಡು ಸಲ ಬಿಟ್ಟು ಹೊರಗೆ ಹೋಗಿ ಗಾಳಿ ಕುಡಿದು ಬಂದ. ನೀಲಾಂಬಿಕಾ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಲೋಳೆ ಒಣಗುವವರೆಗೆ ಬಿಟ್ಟು, ಹಲ್ಲುಮೊನೆಯ ಕುಂಟೆಯಿಂದ ಬಾಚಿ ತೆಗೆದಳು. ಬಾಚಿದ್ದನ್ನು ಗೇಟಿನ ಹೊರಗೆ ಗುಂಪೆ ಹಾಕಿದಳು. ಗಬ್ಬು ರಸ್ತೆಯವರೆಗೆ ಬರುತ್ತಿತ್ತು; ಹಾನಗಲ್ ಬಸ್ಸಿನವರು ಅಲ್ಲಿ ಕಿಟಕಿ ಎಳೆದುಕೊಳ್ಳುತ್ತಿದ್ದರು. ಉಚ್ಚೆಯ ಉಪ್ಪಿನಂಶ ತೊಳೆದು ಹೋಗಲೆಂದು ಆಳಕ್ಕೆ ನೀರು ಬಿಟ್ಟಳು, ಉಣ್ಣಿಗೆ ಔಷಧಿ ಹೊಡೆಸಿದಳು. ಗೊಬ್ಬರ ಹಾಕಲಿಲ್ಲ. ಆ ದಿನಗಳಲ್ಲಿ ಅವಳು ಮನೆಯವರ ಜೊತೆ ಕೂತು ಊಟ ಮಾಡಲಿಲ್ಲ. ಕೈಯಿಂದ ವಾಸನೆ ಹೋಗಿಲ್ಲ ಎಂದು ಕಾರಣ ಹೇಳಿದಳು. ಅದೂ ಸುಳ್ಳಾಗಿರಲಿಲ್ಲ.

ಶಿವರಾತ್ರಿ ಕಳೆಯಿತು, ಬಿಸಿಲು ಬಲಿಯಿತು. ಗೊರಸು ತುಳಿದು ಕೆಸರಿಗೆ ಸೇರಿದ್ದ ಗೆಣ್ಣುಗಳಿಂದ ಸೂಜಿಯಂಥ ಚಿಗುರು ಎದ್ದವು, ಮೊದಲು ಬೇಲಿಯ ಬದಿಗೆ, ಆಮೇಲೆ ನಡುವೆ. ಸರೋಜವ್ವ ಒಂದು ಮುಂಜಾನೆ ಬಂದು, ಬಗ್ಗಿ, ಅಭ್ಯಾಸಬಲದಿಂದ ಒಂದು ಎಳೆ ಕಿತ್ತು, ಅದನ್ನೇ ನೋಡುತ್ತ ನಿಂತು, "ಥೂ" ಎಂದು ಎಸೆದು ಹೋದಳು.

ನೀಲಾಂಬಿಕಾ ಪೇಟೆಗೆ ಹೋಗಿ ಗೇಟಿಗೆ ಹೊಸ ಬೀಗ ತಂದಳು. ಎರಡು ಕೀಲಿಗಳನ್ನೂ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ಗುರುವಾರ ಪೇವರ್ ಕಲ್ಲು ಹೊತ್ತ ಲಾರಿ ಬಂತು. ಗಿರಣಿಯ ಮೊಳೆಯಲ್ಲಿದ್ದ ಕೀಲಿ ಬೀಗಕ್ಕೆ ಹೊಂದಲಿಲ್ಲ. ಡ್ರೈವರ್ ತಾಸೊತ್ತು ಕಾದು, ಕಲ್ಲುಗಳನ್ನು ಗೇಟಿನ ಹೊರಗೆ ರಸ್ತೆ ಬದಿಯಲ್ಲಿ ಹಿಕ್ಕೆಯ ಗುಂಪೆಯ ಪಕ್ಕ ಇಳಿಸಿ ಹೋದ.